ದೊಡ್ಡದು ಮಾಡು

ಅಣ್ಣನ ಕೊರಳು ಸೀಳಿ ಗದ್ದುಗೆಯೇರಿದ ಪಾಳೇಗಾರನಿಗೆ ಸಾವೆಂದರೆ ಎದೆ ನಡುಗುತ್ತಿತ್ತು. ಅದನ್ನು ನೆನಪಿಸುವ ಮಾತೇ ಕೋಟೆಯೊಳಗೆ ಕೂಡದು. ಹಿರಿಯರ ಬಾಯಲ್ಲಿ ಬರಿಯ ರೂಢಿಯಾಗಿದ್ದುದನ್ನು ಅವನು ಕಟ್ಟಪ್ಪಣೆ ಮಾಡಿದ: ದೀಪವನ್ನು ‘ಆರಿಸು’ ಅನ್ನಬಾರದು, ‘ದೊಡ್ಡದು ಮಾಡು’ ಅನ್ನಬೇಕು.

ಒಂದು ಬೆಳಗ್ಗೆ ದೀಪದ ಆಳು ಮೈಮರೆತು, “ದೀಪ ಆರಿಸ್ಲಾ ಬುದ್ಧೀ?” ಎಂದು ಕೇಳಿದ. ಪಾಳೇಗಾರ ಅವನ ನಾಲಿಗೆ ಕೀಳಿಸಿ ನಾಯಿಗೆ ಹಾಕಿಸಿದ. ಆಳು ಬದುಕಲಿಲ್ಲ. ದೀಪದ ಕೆಲಸ ಅವನ ಹೆಂಡತಿ ಹೊನ್ನಿಯ ಪಾಲಿಗೆ ಬಂತು.

ವರ್ಷ ತುಂಬುವುದರೊಳಗೆ ಸತ್ತ ಅಣ್ಣನ ಮಗ ದಂಡು ಕಟ್ಟಿಕೊಂಡು ಬಂದು ಕೋಟೆಯ ಬಾಗಿಲು ಒಡೆದ. ಉರಿಬಿಸಿಲಿನ ಅಂಗಳದಲ್ಲಿ ಕಾವಲಿನವರ ತಲೆಗಳು ಉರುಳಿದವು. ಪಾಳೇಗಾರ ಹೊನ್ನಿಯ ಕೈಗೆ ಹಣತೆ ಕೊಟ್ಟು, ಅವಳನ್ನು ಮುಂದೆ ದೂಡಿಕೊಂಡು ನೆಲಮಾಳಿಗೆಗೆ ಇಳಿದ. ರಾಗಿ ಗುಡಾಣಗಳ ಹಿಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು.

ಮೆಟ್ಟಿಲ ಮೇಲೆ ಕಾಲ ಸಪ್ಪಳ ಕೇಳಿಸಿತು.

“ದೀಪ,” ಎಂದು ಪಿಸುಗುಟ್ಟಿದ ಪಾಳೇಗಾರ.

“ದೀಪ ಏನ್ ಮಾಡ್ಲಿ ಬುದ್ಧೀ?”

“ಗೊತ್ತಿಲ್ವೇನೇ ನಿಂಗೆ?” ಅವಳ ಕುತ್ತಿಗೆಗೆ ಬಾಕು ಒತ್ತಿದ.

“ತಪ್ಪಾಡಿದ್ರೆ ನಾಲಿಗೆ ಹೋಗತ್ತೆ. ತಾವೇ ಅಪ್ಪಣೆ ಕೊಡಿಸ್ಬೇಕು.”

ಸಪ್ಪಳ ಇನ್ನೂ ಹತ್ತಿರವಾಯಿತು. ಆ ಕೆಟ್ಟ ಮಾತು ಇವತ್ತು ತನ್ನ ಬಾಯಿಂದ ಬಂದರೆ ತನ್ನ ಕತೆ ಮುಗಿದಂತೆಯೇ ಎಂದು ಪಾಳೇಗಾರನಿಗೆ ಅನ್ನಿಸಿತು.

“ದೊಡ್ಡದು ಮಾಡು,” ಅಂದ.

“ಅಪ್ಪಣೆ ಬುದ್ಧೀ.”

ಹೊನ್ನಿ ಬತ್ತಿಯನ್ನು ಮುಂದಕ್ಕೆಳೆದು, ಭಗ್ಗನೆ ಉರಿದ ಹಣತೆಯನ್ನು ಅವನ ಮುಖದ ಮಟ್ಟಕ್ಕೆ ಎತ್ತಿ ಹಿಡಿದಳು.