ಜುಟ್ಟು ಕಿತ್ತ ಕಾಯಿ

"ಜುಟ್ಟೆಲ್ರೀ?"

ಮುಳ್ಳಯ್ಯನಗಿರಿಯ ತುದಿಯಲ್ಲಿ, ಗುಡಿಯ ಬಾಗಿಲಲ್ಲೇ ಸುಮನಾ ಗಂಡನ ಬ್ಯಾಗಿನಿಂದ ತೆಂಗಿನಕಾಯಿ ತೆಗೆದಿದ್ದಳು. ಬೆಳಿಗ್ಗೆ ಚೇಳೂರಿನ ಮನೆಯಲ್ಲಿ ಜುಟ್ಟು ಬಿಟ್ಟು ಸುಲಿದು, ತೊಳೆದು, ವಿಭೂತಿ ಹಚ್ಚಿ ಕೊಟ್ಟಿದ್ದ ಕಾಯಿ ಈಗ ಬೋಳಾಗಿತ್ತು. ಜುಟ್ಟಿಲ್ಲದ ಕಾಯಿ ಸಾರಿಗೆ ಆದೀತು, ದೇವರಿಗಾಗುವುದಿಲ್ಲ.

"ನಾರು ಉದುರಿ ಕ್ಯಾಮೆರಾಗೆ ಸೇರ್ಕೊಳ್ತಿತ್ತು ಕಣೇ, ಕಿತ್ತಾಕ್ದೆ," ಎಂದ ಚನ್ನೇಶ, ಮೊಬೈಲು ಎತ್ತಿ ಹಿಡಿದು. "ಒಂದ್ ಕಾಯಿಗೆ ಎಷ್ಟ್ ಸಿಟ್ಟೇ ನಿಂಗೆ! ಇಲ್ಲೇ ಎಲ್ಲಾದ್ರೂ ತಗೊಂಡ್ರಾಯ್ತು ಬುಡು. ನಗು, ಸ್ಟೇಟಸ್‌ಗೆ ಹಾಕ್ತೀನಿ."

ಸುಮನಾಳ ಮೈಯೆಲ್ಲ ಉರಿದುಹೋಯಿತು. "ಬೈಕಿಂದ ಬಿದ್ದು ಮಲಗಿದ್ರಲ್ಲ, ಆವಾಗ ನಾನು ಹೊತ್ಕೊಂಡ ಹರಕೆ ಇದು. ಈ ಕಾಲು ಸರಿಹೋದ್ರೆ, ನಾನು ನೀರು ಹೊತ್ತು ಬೆಳೆಸಿದ ಮರದ ಕಾಯಿನ ಇಬ್ರೂ ಜೊತೇಲಿ ಬೆಟ್ಟ ಹತ್ತಿ ಬಂದು ಒಪ್ಪಿಸ್ತೀವಿ ಅಂತ. ಅದೇ ಕಾಲಲ್ಲಿ ಬೆಟ್ಟ ಪೂರ್ತಿ ನನ್ನ ಬಿಟ್ಟು ಮುಂದೆ ಓಡಿದ್ರಿ. ಒಂದ್ಸಲ ಹಿಂದೆ ತಿರುಗಿ ನೋಡಿದ್ರಾ?"

ಚನ್ನೇಶನ ಮೊಬೈಲು ಕೆಳಗಿಳಿಯಿತು. ಅವಳು ಕಾಯಿಯನ್ನು ಅವನ ಕೈಗೆ ತುರುಕಿ, ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹೋಗಿ. ಅದೇ ಮರದ ಇನ್ನೊಂದು ಕಾಯಿ ತನ್ನಿ, ಜುಟ್ಟಿರೋದು. ಅಲ್ಲೀವರೆಗೂ ನಾನು ಏಳಲ್ಲ."

"ಚೇಳೂರಿಗಾ?"

"ಕಾಲು ಚೆನ್ನಾಗಿದೆಯಲ್ಲ!"

ಅವನು ಇಳಿಯತೊಡಗಿದ. ಹತ್ತುವಾಗ ಒಮ್ಮೆಯೂ ತಿರುಗದವನು ಈಗ ಮೆಟ್ಟಿಲು ಮೆಟ್ಟಿಲಿಗೂ ತಿರುಗಿ ನೋಡಿದ. ಸುಮನಾ ಕರೆಯಲಿಲ್ಲ.