ನೀಲಿ ಕರಡಿ, ಬಿಳಿ ಮೊಲ

ಟಿವಿ ಮುಂದೆ ನಿಂತು ಕೈ ಬೀಸಿದರೆ ಸಾಕು, ಮೇಲಿದ್ದ ಕ್ಯಾಮೆರಾ ಅದನ್ನು ನೋಡಿ ಪರದೆಯ ಬೊಂಬೆಗಳಿಂದಲೂ ಹಾಗೆಯೇ ಕೈ ಬೀಸಿಸುತ್ತಿತ್ತು. ಆ ಆಟದಲ್ಲಿ ಆರು ವರ್ಷದ ಇಂಪನ ನೀಲಿ ಕರಡಿಯಾಗಿದ್ದಳು, ಅವಳಮ್ಮ ಭಾರ್ಗವಿ ಬಿಳಿ ಮೊಲ. ಟೆನಿಸ್ ಮುಗಿಸಿ ಬಾಕ್ಸಿಂಗ್ ಶುರು ಮಾಡಿದ್ದರು. ಅಷ್ಟರಲ್ಲಿ ಅಪ್ಪ ಲೋಕೇಶ ಬಂದ.

"ಆಗಿನಿಂದ ಫೋನ್ ಮಾಡ್ತಿದ್ದೀನಿ. ನೀನಿಲ್ಲಿ ಕುಣೀತಾ ಇದ್ದೀಯಾ?"

"ಕೇಳಿಸಲಿಲ್ಲ ರೀ, ಮಗು ಆಟ..."

ಮಗಳನ್ನು ಪಕ್ಕಕ್ಕೆ ತಳ್ಳಿ, ಅವಳಿದ್ದ ಜಾಗದಲ್ಲಿ ನಿಂತು ಅವನು ಹೆಂಡತಿಯ ಕೆನ್ನೆಗೆ ಬಾರಿಸಿದ. ಪರದೆಯಲ್ಲಿ ಕರಡಿ ಮೊಲಕ್ಕೆ ಬಾರಿಸಿತು. ಅಲ್ಲಿಯ ಪ್ರೇಕ್ಷಕರು ಕೇಕೆ ಹಾಕಿದರು. ಅವನು ಮತ್ತೆ ಹೊಡೆದ, ಈ ಸಲ ಮುಷ್ಟಿ ಕಟ್ಟಿ. ಭಾರ್ಗವಿಯ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು.

"ಶಭಾಷ್! ಹತ್ತು ಅಂಕ!" ಎಂದಿತು ಟಿವಿ.

ಮದುವೆಯಾದಾಗಿನಿಂದ ಮಾಡುತ್ತಿದ್ದಂತೆ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಳು. ಮೊಲವೂ ಮುಖ ಮುಚ್ಚಿಕೊಂಡಿತು.

ಸೋಫಾದ ಮೂಲೆಯಿಂದ ಇಂಪನ ಅಳುತ್ತಲೇ ಕೂಗಿದಳು: "ಅಮ್ಮಾ, ಹಾಗೆ ನಿಂತ್ರೆ ಸೋತೋಗ್ತೀಯ! ನೀನೂ ಹೊಡಿ!"

ಭಾರ್ಗವಿ ಬೆರಳ ಸಂದಿಯಿಂದ ಪರದೆ ನೋಡಿದಳು. ಗಂಡ ಮತ್ತೆ ಕೈ ಎತ್ತುವಷ್ಟರಲ್ಲಿ ಮುಷ್ಟಿ ಬಿಗಿದು, ಮೈಯ ಭಾರವನ್ನೆಲ್ಲ ಹಾಕಿ ಅವನ ಮೂಗಿಗೆ ಗುದ್ದಿದಳು. ಅವನು ಟೀಪಾಯಿಯ ಮೇಲೆ ಬಿದ್ದು ಅದರ ಸಮೇತ ಉರುಳಿದ. ಮೂಗಿನಿಂದ ರಕ್ತ ಸುರಿಯಿತು. ಪರದೆಯಲ್ಲಿ ಕರಡಿಯೂ ಉರುಳಿ, ಆ ಸುತ್ತು ಮುಗಿಯಿತು.

"ಇವತ್ತು ನಿನ್ನನ್ನ ಬಿಡಲ್ಲ," ಎನ್ನುತ್ತಾ ಅವನು ನೆಲಕ್ಕೆ ಕೈಯೂರಿ ಏಳತೊಡಗಿದ.

ಅವನ ಮೇಲಿಂದ ಕಣ್ಣು ತೆಗೆಯದೆ ಭಾರ್ಗವಿ ಹೇಳಿದಳು: "ಪುಟ್ಟೀ, ಆಟದ ಇನ್ನೊಂದು ಸುತ್ತು ಶುರು ಮಾಡು."