ಮುಟ್ಟದ ಕಾಫಿ

ಅರಬ್ ನಾಡುಗಳ ಆಡಳಿತದಲ್ಲಿ ಜನರ ಪಾಲೆಷ್ಟು ಎಂಬುದನ್ನೇ ಪ್ರೊಫೆಸರ್ ನಜ್ಲಾ ಮೂವತ್ತು ವರ್ಷ ಅಧ್ಯಯನ ಮಾಡಿದ್ದರು. ಈಗ ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬ ಅವರ ಹೊಸ ಪುಸ್ತಕ ಹಿಡಿದುಕೊಂಡು ಮನೆಗೇ ಬಂದು ಕೂತಿದ್ದ.

ನಜ್ಲಾ ಕಾಫಿ ಕೊಟ್ಟರು. ಅವನು ತುಟಿಗೂ ಸೋಕಿಸದೆ ಬಟ್ಟಲನ್ನು ಕೆಳಗಿಟ್ಟ. ಬಂದವರು ಕಾಫಿ ಮುಟ್ಟಲಿಲ್ಲವೆಂದರೆ ಏನೋ ಕೇಳಲು ಬಂದಿದ್ದಾರೆ ಎಂದರ್ಥ. ನಡೆಸಿಕೊಡುತ್ತೇನೆಂದು ಮನೆಯವರು ಮಾತು ಕೊಡುವವರೆಗೆ ಕುಡಿಯುವುದಿಲ್ಲ. ಅದು ಆ ಸೀಮೆಯ ಹಳೇ ಪದ್ಧತಿ.

ಅವನು ಪುಸ್ತಕ ತೆರೆದು ಓದಿದ. “‘ನನಗೆ ನನ್ನ ಕಚೇರಿಯ ಗೋಡೆಗಳದ್ದೇ ಭಯ.’ ಹೀಗೆ ಹೇಳಿದವನ ಹೆಸರಿಲ್ಲ, ಬರೀ ನಂಬರ್ ನಲವತ್ತೊಂದು ಅಂತಿದೆ. ಯಾರು ಮೇಡಂ ಅವನು?”

“ಗೊತ್ತಿಲ್ಲ. ಜನರನ್ನ ಮಾತಾಡಿಸಿದ್ದು ನನ್ನ ವಿದ್ಯಾರ್ಥಿಗಳು.”

“ಹೆಸರಿನ ಪಟ್ಟಿ ಇರಬೇಕಲ್ಲ?”

“ಇದೆ. ಲಕೋಟೆಗೆ ಅರಗು ಹಾಕಿಟ್ಟಿದ್ದೀನಿ. ನಾನೇ ತೆಗೆದು ನೋಡಿಲ್ಲ, ನಿಮಗಂತೂ ಕೊಡಲ್ಲ.”

“ನಿಮ್ಮನ್ನ ಕರ್ಕೊಂಡು ಹೋಗಬೇಕಾಗುತ್ತೆ.”

“ಹೋಗೋಣ. ಚಪ್ಪಲಿ ಹಾಕ್ಕೊಂಡು ಬರ್ತೀನಿ.”

ಅವನು ಎದ್ದು ಬಾಗಿಲು ಹಾಕಿದ. ಕಿಟಕಿಯನ್ನೂ ಹಾಕಿದ. ನಜ್ಲಾ ಗೋಡೆಗೆ ಒರಗಿ ನಿಂತರು.

“ನಾಳೆ ನನ್ನ ಮೇಲಿನವರೇ ಬರ್ತಾರೆ,” ಎಂದ ಅವನು, ದನಿ ತಗ್ಗಿಸಿ. “ಅವರಿಗೂ ಹೀಗೇ ಹೇಳಿದರೆ ಮನೆ ಜಾಲಾಡ್ತಾರೆ. ಆ ಪಟ್ಟೀನ ಇವತ್ತೇ ಸುಟ್ಟುಬಿಡಿ.”

“ಅದರಿಂದ ನಿಮಗೇನು?”

ಅವನು ಆರಿಹೋಗಿದ್ದ ಕಾಫಿಯನ್ನೇ ನೋಡುತ್ತ ಹೇಳಿದ:

“ನಲವತ್ತೊಂದು ನಾನೇ.”